ಲಾಭ ಹೆಚ್ಚು

ತಿಜೋರಿಯ ಎದುರು ಕುಕ್ಕರಗಾಲಿನಲ್ಲಿ ಕೂತ ಚಾವಿ ರಿಪೇರಿಯ ಧರ್ಮರಾಜ ಅದರ ಬಾಗಿಲಿಗೆ ಹಚ್ಚಿದ್ದ ಅರಿಸಿನ ಕುಂಕುಮವನ್ನು ಮುಟ್ಟದೆ, ಪಕ್ಕದಲ್ಲಿದ್ದ ಕಂಪನಿಯ ಹೆಸರಿನ ಪಟ್ಟಿಯನ್ನು ಉಗುರಿನಿಂದ ಎಬ್ಬಿಸಿದ. ಪಟ್ಟಿ ಕಿತ್ತು ಬಂತು. ಅದರ ಹಿಂದೆ ಕೀಲಿಕೈ ಹಾಕುವ ಸಣ್ಣ ತೂತಿತ್ತು.

"ನೋಡ್ರಿ ವೈನಿ, ನಂಬರ್ ಮರ್ತವ್ರಿಗೆ ಅಂತ ಇದನ್ನ ಇಟ್ಟಿರ್ತಾರ. ಚಾವಿ ಎಲ್ಲಿ ಅದ?"

"ಇಲ್ಲ. ಅವರ ಬೈಕಿನ ಗೊಂಚಲದಾಗ ಇತ್ತು. ಆ ಗೊಂಚಲ ಸಿಗಲಿಲ್ಲ," ಎಂದಳು ಸ್ನೇಹಲ.

"ಎರಡ ಕೊಟ್ಟಿರ್ತಾರಲ್ರಿ. ಇನ್ನೊಂದು?"

ಸ್ನೇಹಲ ತಿಜೋರಿಯ ಕಡೆಗೇ ನೋಡಿದಳು.

"ಒಳಗಾ?" ಧರ್ಮರಾಜ ಗೊಳ್ಳೆಂದು ನಕ್ಕ. "ನನ್ನ ಅರ್ಧಾ ಧಂದೆ ಇಂಥವ್ರಿಂದಾನ ನಡೀತದ ನೋಡ್ರಿ. ಸೋಲಾಪುರದಾಗ ಮಂದಿ ತಿಜೋರಿ ತಗೋತಾರ, ಮೊದಲ ಚಾವಿನೇ ಅದರಾಗ ಇಟ್ಟು..." ಗೋಡೆಯ ಮೇಲಿನ ಫೋಟೋ, ಅದರ ಹಾರ ಕಣ್ಣಿಗೆ ಬಿದ್ದು ಮಾತು ಅಲ್ಲೇ ನಿಂತಿತು. ಅವನು ಚೀಲದಲ್ಲಿ ಏನನ್ನೋ ಹುಡುಕತೊಡಗಿದ.

ಫೋಟೋದಲ್ಲಿದ್ದವನು ಪ್ರಸಾದ, ಸ್ನೇಹಲಳ ಗಂಡ. ಹೋದ ಆಷಾಢದಲ್ಲಿ ಅಕ್ಕಲಕೋಟದಿಂದ ಬೈಕಿನ ಮೇಲೆ ಬರುವಾಗ ವಳಸಂಗದ ಹತ್ತಿರ ಅಪಘಾತದಲ್ಲಿ ತೀರಿಹೋದ. ಈಗ ಎಂಟು ತಿಂಗಳು. ಮಂಗಳವಾರ ಪೇಟೆಯ ಈ ಮನೆಯಲ್ಲಿ ಉಳಿದವರು ಇಬ್ಬರು: ಅವಳು ಮತ್ತು ಅತ್ತೆ ಶಾರದಾಬಾಯಿ. ಮಾವ ಸಾತಲಿಂಗಪ್ಪನವರು ಮದುವೆಗೆ ಮೊದಲೇ ತೀರಿಕೊಂಡಿದ್ದರು. ಅವರ ಕಾಲದ ಕಬ್ಬಿಣದ ತಿಜೋರಿಯನ್ನು ಕೊಟ್ಟು, ಮೂರು ವರ್ಷದ ಹಿಂದೆ ಪ್ರಸಾದ ಈ ಬೂದಿ ಬಣ್ಣದ ಡಬ್ಬಿಯನ್ನು ತಂದು ಒಳಕೋಣೆಯ ಗೋಡೆಗೆ ಬೋಲ್ಟು ಹಾಕಿಸಿದ್ದ. "ಇದೇನೋ ಫ್ರಿಜ್ಜಿನ ಮರಿ ಇದ್ದಂಗ ಅದ," ಎಂದು ಶಾರದಾಬಾಯಿ ಮೂಗು ಮುರಿದಿದ್ದರು. ಆದರೂ ಆ ದೀಪಾವಳಿಗೆ ಅದಕ್ಕೂ ಅರಿಸಿನ ಕುಂಕುಮ ಹಚ್ಚಿ, ಹೂವೇರಿಸಿ ಕೈಮುಗಿದರು. ರೂಪ ಯಾವುದಾದರೇನು, ಲಕ್ಷ್ಮಿ ಲಕ್ಷ್ಮಿಯೇ.

ಸ್ನೇಹಲಳಿಗೆ ಬೇಕಾದದ್ದು ಲಕ್ಷ್ಮಿಯಲ್ಲ, ತನ್ನ ಕಾಗದಗಳು. ಹತ್ತನೆಯ ಇಯತ್ತೆಯಿಂದ ಹಿಡಿದು ಸಂಖ್ಯಾಶಾಸ್ತ್ರದ ಎಂ.ಎಸ್ಸಿ.ವರೆಗಿನ ಎಲ್ಲ ಓರಿಜಿನಲ್ಲುಗಳು ಒಂದು ನೀಲಿ ಫೈಲಿನಲ್ಲಿ ಆ ಡಬ್ಬಿಯೊಳಗಿದ್ದವು. ಸರಕಾರಿ ಕಚೇರಿಯ ಸಾಂಖ್ಯಿಕ ಸಹಾಯಕ ಹುದ್ದೆಗೆ ಅರ್ಜಿ ತುಂಬಿದವನು ಪ್ರಸಾದನೇ. ತನ್ನ ಅಂಗಡಿಯ ಕಂಪ್ಯೂಟರಿನ ಮುಂದೆ ಕೂತು, ಅವಳ ಫೋಟೋ ಸಣ್ಣದು ಮಾಡಿ ಅಂಟಿಸಿ, "ಬಟನ್ ಒತ್ತಲಾ ಸಾಹೇಬ್ರ?" ಎಂದು ನಕ್ಕಿದ್ದ. ಅವನಿರುವಾಗ ಪರೀಕ್ಷೆ ಆಯಿತು. ಅವನು ಹೋದ ಮೇಲೆ ಫಲಿತಾಂಶ ಬಂತು. ಈಗ ಗುರುವಾರ ಬೆಳಿಗ್ಗೆ ಹತ್ತೂವರೆಗೆ ಓರಿಜಿನಲ್ ಕಾಗದಗಳನ್ನು ತೋರಿಸಬೇಕು. ತೋರಿಸದಿದ್ದರೆ ಹೆಸರು ಹೊಡೆದು ಮುಂದಿನವರನ್ನು ಕರೆಯುತ್ತಾರೆ. ಎಲ್ಲದರ ನಕಲು ಪ್ರತಿ ತರಿಸಲು ಒಂದು ತಿಂಗಳಾದರೂ ಬೇಕು. ತಿಜೋರಿಯ ಕಂಪನಿಯವರು ಹೊಸ ಚಾವಿಗೆ ಬಿಲ್ಲು, ಮರಣದ ದಾಖಲೆ, ಪ್ರತಿಜ್ಞಾಪತ್ರ, ಮೇಲೆ ಮೂರು ವಾರ ಎಂದರು. ಇವತ್ತು ಸೋಮವಾರ.

ಒಳಗಿನ ಸೆಲ್ಲುಗಳೂ ಸತ್ತಿದ್ದವು. ಧರ್ಮರಾಜ ಚೀಲದಿಂದ ಸೆಲ್ಲುಗಳಿದ್ದ ಒಂದು ಪುಟ್ಟ ಡಬ್ಬಿ ತೆಗೆದು, ಅದರ ತಂತಿಯನ್ನು ತಿಜೋರಿಯ ಮುಂಭಾಗದ ಕಿಂಡಿಗೆ ಸಿಕ್ಕಿಸಿದ. ಅಂಕಿಗಳ ಹಿಂದೆ ನೀಲಿ ಬೆಳಕು ಹತ್ತಿತು.

"ಹೇಳ್ರಿ ವೈನಿ. ಮೂರ ಸಲ ತಪ್ಪಿದ್ರ ಇಪ್ಪತ್ತ ಮಿನಿಟ್ ಸಿಟ್ಟ ಮಾಡ್ಕೋತದ."

ಮದುವೆಯ ತಾರೀಖು ಒತ್ತಿದರು. ಕೆಂಪು ದೀಪ. ಪ್ರಸಾದನ ಜನ್ಮದಿನ. ಕೆಂಪು. ಅಂಗಡಿಯ ಫೋನಿನ ಕೊನೆಯ ನಾಲ್ಕು ಅಂಕಿ. ತಿಜೋರಿ ಉದ್ದಕ್ಕೆ ಕೂಗಿ ಸುಮ್ಮನಾಯಿತು.

"ಪ್ರಸಾದ ದಾದಾ ನಿಮಗೇನೂ ಹೇಳೇ ಇರಲಿಲ್ಲಾ?"

"ಇಲ್ಲ," ಎಂದಳು ಸ್ನೇಹಲ.

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ನಾಲ್ಕು ಅಂಕಿಯ ನಂಬರಾದರೆ ಹತ್ತು ಸಾವಿರ ಬಗೆ. ತಾಸಿಗೆ ಒಂಬತ್ತು ಸಲ. ಊಟ ನಿದ್ದೆ ಬಿಟ್ಟು ಒತ್ತುತ್ತ ಕೂತರೆ ನಲವತ್ತಾರು ದಿನ. ಆರು ಅಂಕಿಯಾದರೆ ಹನ್ನೆರಡು ವರ್ಷದ ಮೇಲೆ. ಈಚೆಗೆ ಅವಳಿಗೆ ಇಂಥ ಲೆಕ್ಕಗಳು ಮಾತ್ರ ಸರಾಗವಾಗಿ ಬರುತ್ತಿದ್ದವು. ಅಳು ಬರುತ್ತಿರಲಿಲ್ಲ. ಮಣ್ಣು ಕೊಟ್ಟು ಬಂದ ದಿನವೂ ಬಂದಿರಲಿಲ್ಲ. ನೆರೆಯ ಹೆಂಗಸರು ಮೊದಲು ಗಟ್ಟಿಗಿತ್ತಿ ಅಂದರು, ಆಮೇಲೆ ಕಲ್ಲು ಅಂದರು.

ಕಲ್ಲಿನ ಹಿಂದೆ ಇದ್ದದ್ದು ಒಂದು ಸಿಟ್ಟು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ತಿಜೋರಿಯ ನಂಬರನ್ನು ಅವಳು ಗಂಡನಿಗೆ ಮೂರು ಸಲ ಕೇಳಿದ್ದಳು. ಮೂರು ಸಲವೂ ಅವನು ಹುಬ್ಬು ಹಾರಿಸಿ, "ಲಾಭ ಹೆಚ್ಚು, ಲಾಭ ಹೆಚ್ಚು ಅನ್ನು. ತಾನಾ ತೆರೀತದ," ಎಂದಿದ್ದ. ಅಂಗಡಿಯ ಗೋಡೆಯ ಮೇಲೆ 'ಶುಭ ಲಾಭ' ಎಂದು ಬರೆದಿರುತ್ತದಲ್ಲ, ಅಂಥ ಮಾತು. ಮೂರನೆಯ ಸಲ ಕೇಳಿದ್ದು ಕಡೆಯ ರವಿವಾರ. ವ್ಯಾಪಾರಸ್ಥರ ಮಗ, ಹೆಂಡತಿಯನ್ನೂ ಗಿರಾಕಿಯ ಹಾಗೆ ನಗಿಸಿ ಕಳಿಸುತ್ತಾನೆ ಅನ್ನಿಸಿತ್ತು ಅವಳಿಗೆ. ಆ ವಾರವೆಲ್ಲ ಅವನೊಂದಿಗೆ ನೆಟ್ಟಗೆ ಮಾತಾಡಿರಲಿಲ್ಲ. ಶುಕ್ರವಾರ ಅವನು ಸತ್ತ. ತನ್ನನ್ನು ನಂಬದೆ ಹೋದವನಿಗಾಗಿ ಹೇಗೆ ಅಳುವುದು ಎಂಬುದು ಅವಳಿಗೆ ತಿಳಿಯಲಿಲ್ಲ.

"ಹಂಗಾರ ಡ್ರಿಲ್ ಹಾಕೂದ," ಎಂದ ಧರ್ಮರಾಜ. "ಎರಡ ತಾಸಿನ ಕೆಲಸ. ಈಗ್ಲೇ ಸುರು ಮಾಡ್ಲಾ?"

ಇಷ್ಟು ಹೊತ್ತೂ ಹೊಸ್ತಿಲಲ್ಲಿ ಕೂತಿದ್ದ ಶಾರದಾಬಾಯಿ ಎದ್ದು ಬಂದು ತಿಜೋರಿಗೆ ಅಡ್ಡ ನಿಂತರು. "ಏನಂದಿ? ಲಕ್ಷ್ಮೀಗೆ ತೂತ ಹಾಕ್ತಿ?"

"ಮಾವಶಿ, ಲಕ್ಷ್ಮೀ ಒಳಗ ಇರ್ತಾಳ. ಇದು ಬರೇ ಕಬ್ಬಿಣದ ಪತ್ರಾ."

"ನಿನಗ ಪತ್ರಾ. ವರ್ಷ ತುಂಬೂದ್ರಾಗ ಈ ಮನ್ಯಾಗ ಕಬ್ಬಿಣ ಕೊರಿಯೂ ಸಪ್ಪಳ ನನಗ ಬ್ಯಾಡ."

"ಅತ್ತಿ, ಗುರುವಾರ ನನಗ ಕಾಗದ ಬೇಕ್ರಿ," ಎಂದಳು ಸ್ನೇಹಲ. ದನಿ ಏರಿಸಲಿಲ್ಲ.

ಶಾರದಾಬಾಯಿ ಸೊಸೆಯ ಮುಖ ನೋಡಿದರು. ಆಮೇಲೆ ಧರ್ಮರಾಜನಿಗೆ ಹೇಳಿದರು: "ನಾಳಿ ನಾವಿಬ್ರೂ ಅಕ್ಕಲಕೋಟಕ್ಕ ಹೋಗಿ ನನ್ನ ತವರಿನ ಜ್ವಾಳಾ ತರಬೇಕು. ಹೊಸಾ ಜ್ವಾಳಾ ಮನಿಯೊಳಗ ಬರ್ಲಿ. ಬುಧವಾರ ಬಂದು ನಿನಗ ಬೇಕಾದಂಗ ಕೊರಿ."

"ಬರಂ, ಹಂಗಾ ಆಗ್ಲಿ," ಎಂದು ಧರ್ಮರಾಜ ಚೀಲ ಎತ್ತಿದ. "ಈ ಸೆಲ್ಲಿನ ಡಬ್ಬಿ ಇಲ್ಲೇ ಇರ್ಲಿ ವೈನಿ. ನೆನಪಾದ್ರ ಒತ್ತಿ ನೋಡ್ರಿ."

ಮರುದಿನ ಬೆಳಿಗ್ಗೆ ಎಂದಿನಂತೆ ಶಾರದಾಬಾಯಿ ಚಹದ ಕಪ್ಪನ್ನು ಸೊಸೆಯ ತಲೆದೆಸೆಯ ಸ್ಟೂಲಿನ ಮೇಲೆ ಸಪ್ಪಳ ಮಾಡಿ ಇಟ್ಟು, "ಚಹಾ ಆಗ್ಯಾದ," ಎಂದು ಹೊರಗೆ ಹೋದರು. ಎಂಟು ತಿಂಗಳಿನಿಂದ ಅವರು ಅವಳನ್ನು ಎಬ್ಬಿಸುವ ಬಗೆ ಇದು. ಮೊದಲು ಹೀಗಿರಲಿಲ್ಲ. "ಏಳ್ರಿ, ಏಳ್ರಿ, ಬಿಸಿಲ ನೆತ್ತಿಗೆ ಬಂತು," ಎಂದು ಗಂಡ ಹೆಂಡತಿ ಇಬ್ಬರನ್ನೂ ಬಾಗಿಲು ಬಡಿದು ಎಬ್ಬಿಸುತ್ತಿದ್ದರು. ಪ್ರಸಾದನನ್ನು ದವಾಖಾನೆಯಿಂದ ತಂದು ಪಡಸಾಲೆಯಲ್ಲಿ ಮಲಗಿಸಿದ ದಿನ ಅವರು ಬೇರೆ ಏನನ್ನೂ ಹೇಳಿ ಅಳಲಿಲ್ಲ. ಮಗನ ಗಲ್ಲ ಹಿಡಿದು "ಏಳೋ, ಏಳೋ ನನ್ನಪ್ಪಾ," ಎಂದು ಅದನ್ನೇ ಅಂದರು, ಸಂಜೆಯವರೆಗೂ ಅಂದರು. ಅವತ್ತಿನಿಂದ ಆ ಮಾತು ಅವರ ಬಾಯಿಂದ ಬಂದಿಲ್ಲ.

ಎಸ್‌ಟಿ ಬಸ್ಸಿನಲ್ಲಿ ಇಬ್ಬರಿಗೂ ಜಾಗ ಸಿಕ್ಕಿತು. ವಳಸಂಗ ಬಂದಾಗ ಅತ್ತೆ ಎಡಕ್ಕೆ ನೋಡಿದರು, ಸೊಸೆ ತನ್ನ ಕೈ ನೋಡಿಕೊಂಡಳು. ಊರು ದಾಟಿದ ಮೇಲೆ ಶಾರದಾಬಾಯಿ ಕೇಳಿದರು:

"ನೌಕರಿ ಎಲ್ಲಿ ಕೊಡ್ತಾರ?"

"ಗೊತ್ತಿಲ್ರಿ. ಲಾತೂರ ಇರಬಹುದು. ಸಾಂಗ್ಲಿನೂ ಇರಬಹುದು."

"ಲಾತೂರಕ್ಕ ಎಷ್ಟ ತಾಸು?"

"ಮೂರ ತಾಸು."

"ಹೂಂ." ಆಮೇಲೆ ಕಿಟಕಿಗೆ ಹೇಳುವಂತೆ: "ಕಾಗದ ಸಿಗೂ ತನಕಾ ಅಷ್ಟ ನೀ ನನ್ನ ಹತ್ತರ. ಹೌದಲ್ಲ?"

ಸ್ನೇಹಲ ಟಿಕೀಟನ್ನು ಸಣ್ಣಗೆ ಮಡಚಿದಳು. ಹೌದು ಅನ್ನಲು ಬಾಯಿ ಬರಲಿಲ್ಲ, ಅಲ್ಲ ಅಂದರೆ ಸುಳ್ಳಾಗುತ್ತಿತ್ತು.

ಅಕ್ಕಲಕೋಟದ ತವರುಮನೆಯಲ್ಲಿ ಶಾರದಾಬಾಯಿಯ ತಮ್ಮ ಸಿದ್ಧೇಶ್ವರ ಕುರನೂರಿನ ಹೊಲದ ಜೋಳವನ್ನು ಅಂಗಳದಲ್ಲಿ ತಾಡಪತ್ರಿ ಹಾಸಿ ಸುರಿಸಿದ್ದ. ಸುಗ್ಗಿ ಮುಗಿದ ಮೇಲೆ ಹೆಣ್ಣುಮಗಳಿಗೆ ಎರಡು ಚೀಲ ಜೋಳ ಅಳೆದು ಕೊಡುವುದು ಆ ಮನೆಯ ರೂಢಿ. ಪ್ರತಿ ವರ್ಷ ಪ್ರಸಾದ ಒಬ್ಬನೇ ಬಂದು ಒಯ್ಯುತ್ತಿದ್ದ. ಸ್ನೇಹಲ ಇದನ್ನು ಕಂಡಿರಲಿಲ್ಲ. ಅವಳ ತಂದೆ ಬ್ಯಾಂಕಿನಲ್ಲಿ ಗುಮಾಸ್ತ. ಅವಳು ಬೆಳೆದ ಮನೆಗೆ ಜೋಳ ಹಿಟ್ಟಾಗಿಯೇ ಬರುತ್ತಿತ್ತು.

ಅಳೆಯುವವನು ಹಣಮಂತಪ್ಪ. ಮೂವತ್ತು ವರ್ಷ ಅಕ್ಕಲಕೋಟದ ಬಜಾರದಲ್ಲಿ ಮಾಪಾಡಿಯಾಗಿ, ಬಂದ ಕಾಳನ್ನೆಲ್ಲ ಅಳೆದವನು. ಈಗ ಅಲ್ಲಿ ಕರೆಂಟಿನ ತಕ್ಕಡಿ ಬಂದಿದೆ. ಈ ಮನೆಯವರು ಮಾತ್ರ ವರ್ಷಕ್ಕೊಮ್ಮೆ ಅವನನ್ನು ಕರೆಸಿ, ಅವನ ಹಿತ್ತಾಳೆಯ ಶೇರಿನಿಂದಲೇ ಅಳೆಸುತ್ತಾರೆ. ಅವನು ರಾಶಿಗೆ ಕೈಮುಗಿದು ಮಂಡಿಯೂರಿ ಕೂತ.

"ಶಾರದಕ್ಕಾ, ಚೀಲದ ಬಾಯಿ ಯಾರ ಹಿಡೀತಾರ?"

ಹಿಡಿಯುತ್ತಿದ್ದವನು ಪ್ರಸಾದ. ಸ್ನೇಹಲ ಮುಂದೆ ಬಂದು ಚೀಲದ ಬಾಯಿ ಅಗಲಿಸಿ ಹಿಡಿದಳು.

ಹಣಮಂತಪ್ಪ ಶೇರನ್ನು ರಾಶಿಯಲ್ಲಿ ಮುಳುಗಿಸಿ, ಗೋಪುರದಂತೆ ತುಂಬಿ, ಚೀಲಕ್ಕೆ ಸುರಿದ. "ಲಾ...ಭ," ಎಂದು ಎರಡನೆಯ ಶೇರು ತುಂಬುವವರೆಗೂ ಎಳೆದ. ಆಮೇಲೆ ಎರಡ, ಮೂರ, ನಾಕ. ಅವನ ದನಿ ಜೋಳದೊಂದಿಗೇ ಜಾರುತ್ತಿತ್ತು. ಹತ್ತಾದ ಕೂಡಲೆ ಲೆಕ್ಕ ಮರೆಯದಂತೆ ಒಂದು ಹಿಡಿ ಜೋಳ ಪಕ್ಕಕ್ಕಿಟ್ಟು, ಮತ್ತೆ ಲಾಭದಿಂದ ಸುರು ಮಾಡಿದ.

ದೇವರ ಹೆಸರು ಹೇಳುವ ಹಾಗೆ ಮೊದಲು ಲಾಭ ಅನ್ನುತ್ತಾನೆ, ಇರಲಿ, ಎಂದುಕೊಂಡಳು ಸ್ನೇಹಲ. ಧೂಳಿಗೆ ಮುಖ ತಿರುಗಿಸಿ ನಿಂತಿದ್ದಳು. ಎರಡನೆಯ ಸುತ್ತಿನಲ್ಲಿ ಕಿವಿಗೆ ಏನೋ ತೊಡರಿತು. ಐದ. ಆರ. ಹೆಚ್ಚ. ಎಂಟ.

ಮೂರನೆಯ ಸುತ್ತಿನಲ್ಲಿ ಕಾದು ಕೇಳಿದಳು. ಆರ. ಹೆಚ್ಚ. ಎಂಟ.

"ಮುತ್ಯಾ," ಎಂದಳು. "ನಡುವ ಏಳು ಎಲ್ಲಿ ಹೋತ್ರಿ?"

"ಅನ್ನಬ್ಯಾಡ!" ಶಾರದಾಬಾಯಿ ಬೆಚ್ಚಿ ಕೈಯೆತ್ತಿದರು. ಸಿದ್ಧೇಶ್ವರ ನಾಲಗೆ ಕಚ್ಚಿಕೊಂಡ.

ಹಣಮಂತಪ್ಪ ಮಾತ್ರ ಶೇರು ಕೆಳಗಿಟ್ಟು ನಕ್ಕ. "ಇರ್ಲಿ ಬಿಡು ಶಾರದಕ್ಕಾ, ಸಾಲಿ ಕಲ್ತಾಕಿ, ಆಕಿಗೇನ ಗೊತ್ತು. ಯವ್ವಾ, ರಾಶಿ ಮುಂದ ಕುಂತು ಆ ಅಂಕಿ ಹೆಸರ ಹೇಳಬಾರ್ದು. ಹೇಳಿದ್ರ ಕುಂತ ಲಕ್ಷ್ಮೀಗಿ ಎದ್ದು ಹೋಗು ಅಂದಂಗ ಆಗ್ತದ. ಅದಕ್ಕ ಹೆಚ್ಚ ಅಂತೀವಿ. ಒಂದು ಅನ್ನೂದೂ ಇಲ್ಲ. ಒಂದು ಅಂದ್ರ ಒಂಟಿ. ಅದಕ್ಕ ಲಾಭ."

ಮುದುಕನಿಗೆ ಮಾತು ಹತ್ತಿತ್ತು.

"ನಿನ್ನ ಗಂಡ ಎಣಿಕಿ ಕಲ್ತಿದ್ದು ಇಲ್ಲೇ, ಈ ರಾಶಿ ಮ್ಯಾಲೆ. ಮರಾಠಿ ಸಾಲಿಗೆ ಹಾಕಿದ್ರು. ಗುರೂಜಿ ಏಕ್ ಅನ್ನೋ ಅಂದ್ರ ಇವಾ ಲಾಭ ಅಂದ. ಬಡದ್ರು, ಮತ್ತೂ ಲಾಭ ಅಂದ! ದೊಡ್ಡಾವ ಆದ ಮ್ಯಾಲೂ ನನ್ನ ಕೂಡ ಹಂಗಾ ಮಾತಾಡಾಂವ. ಹ್ವಾದ ವರ್ಷ ಬಂದಾಗ ಹೊಸಾ ಫೋನ್ ನಂಬರ್ ಬರ್ಕೋ ಮುತ್ಯಾ ಅಂದ. ಒಂಬತ್ತ, ಎಂಟ, ಲಾಭ, ಹೆಚ್ಚ... ನಾ ಒಬ್ಬಾಂವಾ ಅದನ್ನ ಬರಕೊಳ್ಳಾಂವ ನೋಡವ್ವಾ."

ಚೀಲದ ಬಾಯಿ ಅವಳ ಕೈ ಜಾರಿತು. ಜೋಳ ಬಳಬಳನೆ ಅವಳ ಪಾದದ ಮೇಲೆ ಸುರಿಯಿತು.

"ಹಿಡಿ ಯವ್ವಾ, ಹಿಡಿ."

ಸ್ನೇಹಲ ಬಗ್ಗಿ ಹಿಡಿದುಕೊಂಡಳು. ಎರಡು ಚೀಲ ತುಂಬುವವರೆಗೂ ಹಿಡಿದೇ ಇದ್ದಳು. ಪ್ರತಿ ಸುತ್ತಿನಲ್ಲೂ ಆ ಎರಡು ಮಾತು ಬಂದು ಹೋದವು. ಅವಳು ತಲೆ ಎತ್ತಲಿಲ್ಲ.

ಜೋಳವನ್ನು ಟೆಂಪೋದಲ್ಲಿ ಹಾಕಿಕೊಂಡು ಸೋಲಾಪುರ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಶಾರದಾಬಾಯಿ ಒಳಕೋಣೆಯಲ್ಲಿ ಇಳಿಸಿದ ಹೊಸ ಚೀಲಗಳಿಗೆ ಕುಂಕುಮವಿಟ್ಟು, ಕಾಲು ತೊಳೆದು ದೇವರ ಮನೆಗೆ ಹೋದರು. ಸ್ನೇಹಲ ಕಾಲು ತೊಳೆಯದೆ ಒಳಕೋಣೆಗೆ ಹೋಗಿ ತಿಜೋರಿಯ ಮುಂದೆ ಕೂತಳು. ಉಡಿಯಲ್ಲಿ, ಸೀರೆಯ ನೆರಿಗೆಯಲ್ಲಿ ಇನ್ನೂ ಜೋಳದ ಕಾಳುಗಳಿದ್ದವು. ಧರ್ಮರಾಜನ ತಂತಿಯನ್ನು ಸಿಕ್ಕಿಸಿದಳು. ನೀಲಿ ಬೆಳಕು ಹತ್ತಿತು.

ತಪ್ಪಾದರೆ? ತಪ್ಪಾದರೆ ಬುಧವಾರ ಡ್ರಿಲ್ಲು ಇದ್ದೇ ಇದೆ, ಕಾಗದ ಹೇಗೂ ಸಿಗುತ್ತದೆ. ಆದರೆ ಅವಳು ಈಗಲೇ ಒತ್ತಹೊರಟಿದ್ದು ಕಾಗದಕ್ಕಲ್ಲ.

"ಲಾಭ," ಎಂದು ಒಂದನ್ನು ಒತ್ತಿದಳು. "ಹೆಚ್ಚು," ಎಂದು ಏಳನ್ನು ಒತ್ತಿದಳು. ಲಾಭ. ಹೆಚ್ಚು.

ಹಸಿರು ದೀಪ ಹತ್ತಿತು. ಹಿಡಿಕೆ ತಿರುವಿದಳು. ಒಳಗೆ ಸರಳುಗಳು ಸರಿದ ಸಪ್ಪಳವಾಗಿ ಬಾಗಿಲು ತಾನಾಗಿ ಒಂದು ಬೆರಳಿನಷ್ಟು ಬಿಟ್ಟುಕೊಂಡಿತು.

ಆ ಸಪ್ಪಳಕ್ಕೆ ಶಾರದಾಬಾಯಿ ಕೈಯಲ್ಲಿ ಊದಿನಕಡ್ಡಿ ಹಿಡಿದೇ ಬಂದರು. ತೆರೆದ ತಿಜೋರಿ ನೋಡಿದರು, ಸೊಸೆಯನ್ನು ನೋಡಿದರು.

"ನಂಬರ್ ಯಾರ ಹೇಳಿದ್ರು?"

"ಅವ್ರ ಹೇಳಿದ್ರು."

"ಯಾವಾಗ?"

"ಮೂರ ಸಲ ಹೇಳಿದ್ರು ಅತ್ತಿ. ಲಾಭ ಹೆಚ್ಚು, ಲಾಭ ಹೆಚ್ಚು ಅನ್ನು ಅಂತ ಹೇಳಿದ್ರು. ನನಗ... ನನಗ ತಿಳೀಲಿಲ್ಲ. ನಾ ಮಾತ ಬಿಟ್ಟೆ."

ಎಂಟು ತಿಂಗಳು ಎಲ್ಲಿತ್ತೋ ಅಳು, ಹೊಟ್ಟೆಯೊಳಗಿನಿಂದ ಎದ್ದು ಬಂತು. ಅವಳು ತಿಜೋರಿಯ ತಣ್ಣನೆಯ ಬಾಗಿಲಿಗೆ ಹಣೆ ಹಚ್ಚಿ ಅತ್ತಳು. ಕುಂಕುಮ ಹಣೆಗೆ ಮೆತ್ತಿತು. ಶಾರದಾಬಾಯಿ ಊದಿನಕಡ್ಡಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಜೋಳದ ಚೀಲಕ್ಕೆ ಚುಚ್ಚಿ, ಪಕ್ಕದಲ್ಲಿ ಕೂತು ಅವಳ ಬೆನ್ನ ಮೇಲೆ ಕೈಯಿಟ್ಟರು. ಸಮಾಧಾನ ಹೇಳಲಿಲ್ಲ. ಅಳಲಿ ಎಂದು ಬಿಟ್ಟರು.

ಬಹಳ ಹೊತ್ತಿನ ಮೇಲೆ ಒಳಗಿದ್ದುದನ್ನು ಹೊರತೆಗೆದರು. ಪತ್ರ ಗಿತ್ರ ಏನೂ ಇರಲಿಲ್ಲ. ಶಾರದಾಬಾಯಿಯ ಬಳೆಗಳ ಡಬ್ಬಿ, ಅಂಗಡಿಯ ಲೈಸನ್ಸು, ನೀಲಿ ಫೈಲು. ಫೈಲಿನ ಮೇಲೆ ಪ್ರಸಾದನ ಮರಾಠಿ ಅಕ್ಷರದಲ್ಲಿ 'ಸ್ನೇಹಲ – ಓರಿಜಿನಲ್' ಎಂದಿತ್ತು. ಮೂಲೆಯಲ್ಲಿ, ಪ್ಲಾಸ್ಟಿಕ್ಕಿನ ಹೊದಿಕೆ ಸಹ ಹರಿಯದ ಎರಡನೆಯ ಚಾವಿ. ಅದರ ಪಕ್ಕ ನಾಲ್ಕು ಹೊಸ ಸೆಲ್ಲು.

"ಇವೇನು?" ಎಂದರು ಶಾರದಾಬಾಯಿ.

"ತಿಜೋರಿ ಸೆಲ್ಲು ಸತ್ತರ ಬೇಕಾಗ್ತಾವಂತ ಇಟ್ಟಾರ."

"ಒಳಗಾ?" ಶಾರದಾಬಾಯಿ ಸೆಲ್ಲುಗಳನ್ನು ಅಂಗೈಯಲ್ಲಿ ಹಿಡಿದು ನೋಡಿದರು. "ಖೋಡಿ. ಅವರಪ್ಪನೂ ಹಿಂಗಾ ಇದ್ದ," ಎಂದು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು.

ಬುಧವಾರ ಧರ್ಮರಾಜ ತನ್ನ ಡಬ್ಬಿ ಒಯ್ಯಲು ಬಂದವನು, ಆ ಸೆಲ್ಲುಗಳನ್ನೇ ಹಾಕಿ ಕೊಟ್ಟ. "ನಂಬರ್ ಬದಲ್ ಮಾಡಿ ಬಿಡ್ರಿ ವೈನಿ," ಎಂದ.

"ಬ್ಯಾಡ," ಎಂದರು ಶಾರದಾಬಾಯಿ. ಅವನು ಹೋದ ಮೇಲೆ ತಿಜೋರಿಯ ಮುಂದೆ ಕೂತು ಸೊಸೆಯನ್ನು ಕರೆದರು. "ನನಗೂ ತೋರಸು. ನೀ ಇಲ್ದಾಗ ನಾ ತೆಗೀಬೇಕಲ್ಲ."

ನೀ ಇಲ್ಲದಾಗ. ಸ್ನೇಹಲ ಅವರ ಬೆರಳು ಹಿಡಿದು ತೋರಿಸಿದಳು. ಮೊದಲ ಸಲ ತಪ್ಪಿತು. ಎರಡನೆಯ ಸಲ ಶಾರದಾಬಾಯಿ ತಾವೇ ಒತ್ತಿದರು, ಪ್ರತಿ ಅಂಕಿಗೂ ಬಾಯಲ್ಲಿ ಅಂದುಕೊಳ್ಳುತ್ತ. ಬಾಗಿಲು ತೆರೆಯಿತು. ಮತ್ತೆ ಹಾಕಿದರು. ಮತ್ತೆ ತೆರೆದರು.

ಗುರುವಾರ ಬೆಳಿಗ್ಗೆ ಸ್ನೇಹಲಳಿಗೆ ಎಚ್ಚರವಾಗಿತ್ತು, ಕಣ್ಣು ಮುಚ್ಚಿ ಮಲಗಿದ್ದಳು. ಮೇಜಿನ ಮೇಲೆ ನೀಲಿ ಫೈಲಿತ್ತು. ಹೊರಗೆ ಅತ್ತೆಯ ಹೆಜ್ಜೆ ಕೇಳಿಸಿತು. ಸ್ಟೂಲಿನ ಮೇಲೆ ಕಪ್ಪಿನ ಸಪ್ಪಳವಾಯಿತು. ಆದರೆ ಹೆಜ್ಜೆ ತಿರುಗಿ ಹೋಗಲಿಲ್ಲ. ಶಾರದಾಬಾಯಿ ಅಲ್ಲೇ ನಿಂತಿದ್ದರು. ಅವರು ಉಸಿರೆಳೆದುಕೊಂಡದ್ದು ಕೇಳಿಸಿತು.

"ಏಳು," ಎಂದರು.

ಕೆಮ್ಮಿ ದನಿ ಸರಿಪಡಿಸಿಕೊಂಡು, ಇನ್ನೊಮ್ಮೆ, ಹಿಂದಿನ ಗಟ್ಟಿ ದನಿಯಲ್ಲೇ ಅಂದರು:

"ಏಳು ಸ್ನೇಹಲಾ, ಬಿಸಿಲ ನೆತ್ತಿಗೆ ಬಂತು. ಹೋಗೂದಿಲ್ಲೇನು?"

ಸ್ನೇಹಲ ಎದ್ದಳು.